ಟೇಕಾಫ್ ಆದ ಕೂಡಲೇ ಎಂಜಿನ್ ನಿಂತರೆ ರನ್‌ವೇಗೆ ವಾಪಸ್ ಬರಬಹುದಲ್ವಾ?

ಸಣ್ಣ ವಿಮಾನ 400-500 ಅಡಿ ಏರಿದಾಗ ಎಂಜಿನ್ ನಿಂತರೆ, ಹಿಂದೆಯೇ ಇರುವ ರನ್‌ವೇ ಬಿಟ್ಟು ಪೈಲಟ್‌ಗಳು ಯಾಕೆ ಎದುರಿನ ಹೊಲದಲ್ಲಿ ಇಳಿಸುತ್ತಾರೆ ಅಂತ ಕೇಳಿದ್ದೀರಿ. ನಾನು ಹಾರಿಸುವುದು ಸೆಸ್ನಾ 172ಎಸ್ ಅನ್ನೋ ಒಂದೇ ಎಂಜಿನ್ನಿನ ಸಣ್ಣ ವಿಮಾನ. ಅದರ ಲೆಕ್ಕದಲ್ಲೇ ಹೇಳುತ್ತೇನೆ.

ಹಿಂದೆ ತಿರುಗೋದು ಅಂದರೆ ಬರೀ 180 ಡಿಗ್ರಿ ಅಲ್ಲ. 45 ಡಿಗ್ರಿ ವಾಲಿಸಿ ಬಿಗಿಯಾಗಿ ತಿರುಗಿಸಿದರೂ ಅರ್ಧ ಸುತ್ತು ಮುಗಿಯುವಷ್ಟರಲ್ಲಿ ರನ್‌ವೇಯಿಂದ ಸುಮಾರು 300 ಮೀಟರ್ ಪಕ್ಕದಲ್ಲಿರುತ್ತೀರಿ. ಅದರ ಕಡೆಗೆ ಇನ್ನೂ ತಿರುಗಬೇಕು, ಆಮೇಲೆ ನೇರ ಮಾಡಿಕೊಳ್ಳಲು ಉಲ್ಟಾ ತಿರುಗಬೇಕು. ಇಷ್ಟೂ ಹೊತ್ತು ಕೆಳಕ್ಕೆ ಜಾರುತ್ತಲೇ ಇರುತ್ತೀರಿ.

ಎತ್ತರ ಸಾಲದೇ ಹೋಗುವುದಕ್ಕಿಂತ ದೊಡ್ಡ ಅಪಾಯ ಸ್ಟಾಲ್, ಅಂದರೆ ರೆಕ್ಕೆ ವಿಮಾನವನ್ನು ಎತ್ತಿಹಿಡಿಯುವ ಶಕ್ತಿ ಕಳೆದುಕೊಳ್ಳುವುದು. ರೆಕ್ಕೆ ಸಮವಾಗಿದ್ದರೆ ಈ ವಿಮಾನ ಫ್ಲ್ಯಾಪ್ (ನಿಧಾನವಾಗಿ ಹಾರಲು ರೆಕ್ಕೆಯ ಹಿಂಬದಿ ಇಳಿಸುವ ಪಟ್ಟಿ) ಇಳಿಸದೆಯೂ ವೇಗ 48 ನಾಟ್‌ಗೆ ಇಳಿಯುವವರೆಗೆ ತಡೆದುಕೊಳ್ಳುತ್ತದೆ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್). 45 ಡಿಗ್ರಿ ವಾಲಿದರೆ 57 ನಾಟ್‌ಗೇ ಸ್ಟಾಲ್. 60 ಡಿಗ್ರಿ ವಾಲಿದರೆ 68. ಎಂಜಿನ್ ಇಲ್ಲದೆ ಅತಿ ಹೆಚ್ಚು ದೂರ ಜಾರಲು ಇಟ್ಟುಕೊಳ್ಳಬೇಕಾದ ವೇಗವೂ ಅದೇ 68! ರನ್‌ವೇ ಕೈತಪ್ಪುತ್ತಿದೆ ಅನ್ನಿಸಿದಾಗ ಇನ್ನೊಂಚೂರು ವಾಲಿಸಿ, ಯೋಕ್ (ವಿಮಾನದ ಸ್ಟೀರಿಂಗ್) ಎಳೆಯುವ ಆಸೆ ಆಗುತ್ತದೆ. ಅಲ್ಲೇ ಒಂದು ರೆಕ್ಕೆ ಕುಸಿಯುತ್ತದೆ. ಆ ಎತ್ತರದಲ್ಲಿ ಅದನ್ನು ಸರಿಪಡಿಸಲು ಜಾಗವೇ ಇರಲ್ಲ.

ಹಾಗಾಗಿ ಮೊದಲ ಕೆಲಸ ಮೂಗು ಇಳಿಸುವುದು. ಏರುವಾಗ ಮೂಗು ಮೇಲಿರುತ್ತದೆ, ಶಕ್ತಿ ನಿಂತ ಕ್ಷಣವೇ ವೇಗ ಇಳಿಯತೊಡಗುತ್ತದೆ. ನೆಲ ಇಷ್ಟು ಹತ್ತಿರ ಇರುವಾಗ ಯೋಕನ್ನು ಮುಂದಕ್ಕೆ ತಳ್ಳಲು ಕೈ ಒಪ್ಪಲ್ಲ. ಸುಮ್ನೆ ನಂಬಲಾಗದೆ ಕೂತರೇ ಮೂರ್ನಾಲ್ಕು ಸೆಕೆಂಡ್ ಹೋಗಿಬಿಡುತ್ತದೆ. ಅದಕ್ಕೇ ಪ್ರತಿ ಸಲ ಟೇಕಾಫ್‌ಗೆ ಮುಂಚೆ ಬಾಯಿಬಿಟ್ಟು ಹೇಳಿಕೊಳ್ಳುತ್ತೇನೆ: ಇಷ್ಟು ಎತ್ತರದೊಳಗೆ ನಿಂತರೆ ನೇರ ಮುಂದೆ, ಹೆಚ್ಚೆಂದರೆ 30 ಡಿಗ್ರಿ ಆಚೀಚೆ. ಪಕ್ಕದಲ್ಲಿ ಕೂತವರಿಗೆ ಗಾಬರಿಯಾದರೆ ಆಗಲಿ.

ಎದುರಿಗೆ ಒಳ್ಳೆ ಜಾಗವೇ ಇಲ್ಲದಿದ್ದರೆ? ಬೇಲಿಯೋ ಪೊದೆಯೋ ಇದ್ದರೂ, ಹಿಡಿತ ತಪ್ಪದೆ ನಿಧಾನವಾಗಿ ನುಗ್ಗಿದರೆ ಬದುಕುವ ಅವಕಾಶ ಚೆನ್ನಾಗಿಯೇ ಇರುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಿಂದ 9 ಜಿ ಒತ್ತಡದಲ್ಲಿ (ಮೈತೂಕದ ಒಂಬತ್ತು ಪಟ್ಟು ಬಲ) ನಿಲ್ಲಲು ಬೇಕಾಗುವುದು ಸುಮಾರು 3 ಮೀಟರ್ ಅಷ್ಟೆ. ವೇಗ ದುಪ್ಪಟ್ಟಾದರೆ ಅದರ ನಾಲ್ಕು ಪಟ್ಟು ಬೇಕು. ಟೇಕಾಫ್ ಸಾಮಾನ್ಯವಾಗಿ ಗಾಳಿಗೆ ಎದುರಾಗಿಯೇ ಆಗುವುದರಿಂದ, ನೇರ ಮುಂದೆ ಇಳಿದರೆ ಗಾಳಿ ವೇಗ ತಗ್ಗಿಸುತ್ತದೆ; ಲಾಭ ಇಲ್ಲೇ. ರನ್‌ವೇಗೆ ತಿರುಗಿ ಬಂದರೆ ಅದೇ ಗಾಳಿ ಬೆನ್ನಿಗೆ ಬಿದ್ದು ತಳ್ಳುತ್ತದೆ.

ಸಮಯ ಸಿಕ್ಕರೆ ಇಂಧನ ಬಂದ್, ಇಗ್ನಿಷನ್ ಆಫ್, ಬಾಗಿಲಿನ ಚಿಲಕ ತೆರೆದಿಡಿ. ಫ್ಲ್ಯಾಪ್ ಕರೆಂಟಿನಲ್ಲಿ ನಡೆಯುವುದರಿಂದ ಇಡೀ ವಿಮಾನದ ಕರೆಂಟಿನ ಮಾಸ್ಟರ್ ಸ್ವಿಚ್ ಆಫ್ ಮಾಡುವುದು ಕೊನೆಗೆ.

ತಿರುಗಿ ಬರಲೇಬಾರದು ಅಂತಲ್ಲ. ಎತ್ತರ ಸಾಕಷ್ಟಿದ್ದರೆ ಬರಬಹುದು. ಎಷ್ಟು ಬೇಕು ಅಂತ ತಿಳಿಯಲು ಬೋಧಕರ ಜೊತೆ 3,000 ಅಡಿ ಮೇಲೆ ಹೋಗಿ, ಏರುತ್ತಿರುವಾಗಲೇ ಥ್ರಾಟಲ್ (ಎಂಜಿನ್ ಶಕ್ತಿಯ ಹಿಡಿ) ಹಿಂದಕ್ಕೆಳೆದು, ನಾಲ್ಕು ಸೆಕೆಂಡ್ ಕಾದು ತಿರುಗಿಸಿ ನೋಡಿ. ಕಳೆದುಕೊಂಡ ಎತ್ತರಕ್ಕೆ ಅದರ ಅರ್ಧದಷ್ಟಾದರೂ ಸೇರಿಸಿ ಬರೆದಿಟ್ಟುಕೊಳ್ಳಿ.