ಬದಿಯಲ್ಲಿ ಬಟನ್ ಇದೆ, ನಡುವೆ ಚಪ್ಪಟೆ!

ಪ್ರಶ್ನೆ: ನನ್ನದು 150 ಸಿಸಿ ಬೈಕು. ದಿನಾ ಸಿಂಧನೂರಿನಿಂದ ಮಾನ್ವಿಗೆ ಹೋಗಿ ಬರುತ್ತೇನೆ. 18 ಸಾವಿರ ಕಿ.ಮೀ. ಓಡಿದೆ. ಹಿಂದಿನ ಟೈರು ನಡುವೆ ಸವೆದು ಚಪ್ಪಟೆಯಾಗಿದೆ, ಬದಿಯ ಬಟನ್ (ಟೈರಿನ ಮೇಲಿನ ಉಬ್ಬುಗಳು) ಹೊಸದರ ಹಾಗೇ ಇದೆ. ಮುಂದಿನ ತಿಂಗಳು ಮನೆಯವರ ಜೊತೆ ಆಗುಂಬೆ ಇಳಿದು ಉಡುಪಿಗೆ ಹೋಗಬೇಕು. ಬಂದ ಮೇಲೆ ಬದಲಿಸಿದರೆ ಆಗಲ್ವಾ? ಈಗಿರುವ 100 ಮಿ.ಮೀ. ಅಗಲದ್ದರ ಬದಲು 120ರ ದಪ್ಪ ಟೈರು ಹಾಕಿಸಲಾ?
– ಒಬ್ಬ ಓದುಗರು, ಸಿಂಧನೂರು

ಉತ್ತರ: ಆಗಲ್ಲ ಸರ್. ಹೋಗುವ ಮೊದಲೇ ಬದಲಿಸಿ.

ಗಂಗಾವತಿಯ ನನ್ನ ಗ್ಯಾರೇಜಿಗೆ ಬರುವ ಅರ್ಧಕ್ಕರ್ಧ ಗಾಡಿಗಳದ್ದು ಇದೇ ಕಥೆ. ನಮ್ಮ ಎರೆ ಸೀಮೆಯ ರಸ್ತೆ ದಾರ ಹಿಡಿದು ಎಳೆದ ಹಾಗೆ ನೇರ. ಗಾಡಿ ವಾಲುವುದೇ ಇಲ್ಲ. ನಡುಭಾಗ ಒಂದೇ ತಿಕ್ಕಿಸಿಕೊಂಡು ಗುಂಡಗಿದ್ದ ಟೈರು ಹಲಗೆಯಂತಾಗುತ್ತದೆ. ಮಾನ್ವಿ ದಾರಿಯಲ್ಲಿ ಇದು ಗೊತ್ತೇ ಆಗಲ್ಲ. ಆಗುಂಬೆಯ 14 ತಿರುವಲ್ಲಿ ಗೊತ್ತಾಗುತ್ತದೆ. ಗಾಡಿ ವಾಲಿಸಿದಾಗ ಚಪ್ಪಟೆ ಭಾಗದ ಅಂಚು ದಾಟುವಾಗ ಗಾಡಿ ಗಕ್ಕನೆ ಒಳಕ್ಕೆ ಬೀಳುತ್ತದೆ. ಹಿಂದೆ ಮನೆಯವರು, ಬ್ಯಾಗು, ಮೇಲೆ ಮಳೆ ಬೇರೆ. ಬದಿಯ ಬಟನ್ ನೋಡಿ ಮೋಸ ಹೋಗಬೇಡಿ. ಟೈರಿನ ನಡುಭಾಗದಲ್ಲಿ, ಬಟನ್‌ಗಳ ಸಂದಿಯೊಳಗೆ, ಸಣ್ಣ ದಿಂಡು ಇರುತ್ತದೆ. ಟೈರು ಅದರ ಮಟ್ಟಕ್ಕೆ ಸವೆದಿದ್ದರೆ ಮುಗೀತು.

120 ಬೇಡ. ನೋಡಲು ಚೆಂದ, ಅಷ್ಟೇ. ನಿಮ್ಮ ರಿಮ್ಮು ಸಣ್ಣದು. ದಪ್ಪ ಟೈರು ಅದರಲ್ಲಿ ಹಿಂಡಿಕೊಂಡು ಆಕಾರ ಕೆಡುತ್ತದೆ, ಮೈಲೇಜೂ ಇಳಿಯುತ್ತದೆ. ಹಳೆಯ ಟೈರಿನ ಮೇಲೆ 100/90-17 55ಪಿ ಅಂತ ಇದ್ದರೆ ಅದನ್ನೇ ಕೇಳಿ. 55 ಅಂದರೆ ಆ ಟೈರು 218 ಕೆ.ಜಿ. ಹೊರುತ್ತದೆ, ಪಿ ಅಂದರೆ ಗಂಟೆಗೆ 150 ಕಿ.ಮೀ. ವೇಗದವರೆಗೆ. ಇದಕ್ಕಿಂತ ಕಡಿಮೆಯದು ಬೇಡ.

ಕಂಪನಿ ಹೆಸರಿಗಿಂತ ನಾನು ಮೊದಲು ನೋಡುವುದು ತಾರೀಖು. ಟೈರಿನ ಬದಿಗೆ ನಾಲ್ಕು ಅಂಕಿ ಇರುತ್ತದೆ. 2324 ಅಂತಿದ್ದರೆ 2024ರ 23ನೇ ವಾರ ತಯಾರಾದದ್ದು. ಒಮ್ಮೆ ಒಂದು ಅಂಗಡಿಯವರು ರೇಟು ಕಡಿಮೆ ಮಾಡಿದರು ಅಂತ ಖುಷಿಯಾಗಿ ಹಾಕಿಸಿಕೊಂಡೆ. ಮನೆಗೆ ಬಂದು ನೋಡಿದರೆ ಐದು ವರ್ಷ ಹಳೆಯದು! ರಬ್ಬರು ಗಟ್ಟಿಯಾಗಿತ್ತು. ಮೊದಲ ಮಳೆಗೇ ಜಾರಿ ಮೊಣಕಾಲು ತರಚಿಕೊಂಡೆ. ತಪ್ಪು ನನ್ನದೂ ಹೌದು, ಓದಿ ನೋಡಬೇಕಿತ್ತು.

ಗಾಳಿ ಬೆಳಿಗ್ಗೆ ಹೊರಡುವ ಮೊದಲೇ ನೋಡಿ. ಇಬ್ಬರು ಕೂತಾಗ ಹಿಂದಿನ ಟೈರಿಗೆ ಎಷ್ಟು ಅಂತ ಗಾಡಿಯ ಪುಸ್ತಕದಲ್ಲಿ ಇರುತ್ತದೆ. ಬಿಸಿಲಿಗೆ ಗಾಳಿ ಜಾಸ್ತಿಯಾಯ್ತು ಅಂತ ದಾರಿಯಲ್ಲಿ ಬಿಡಬೇಡಿ. ಗಾಳಿ ಕಡಿಮೆಯಾದರೆ ಟೈರು ಇನ್ನಷ್ಟು ಬಿಸಿಯಾಗುತ್ತದೆ. ನೈಟ್ರೋಜನ್ ಬಗ್ಗೆ ಬಹಳ ಜನ ಕೇಳುತ್ತಾರೆ. ಸುಮ್ನೆ ಖರ್ಚು, ಮಾಮೂಲಿ ಗಾಳಿಯಲ್ಲೇ ನೂರಕ್ಕೆ 78 ಭಾಗ ಅದು ಇದೆ.

ಹದಿನೈದು ದಿನ ಮೊದಲೇ ಟೈರು ಹಾಕಿಸಿ. ಹೊಸದಕ್ಕೆ ನುಣುಪು ಇರುತ್ತದೆ. ಆದರೆ ಮಾನ್ವಿ ದಾರಿಯಲ್ಲಿ ನಡುವಿನ ನುಣುಪು ಮಾತ್ರ ಹೋಗುತ್ತದೆ, ಬದಿಯದು ಹಾಗೇ ಉಳಿಯುತ್ತದೆ. ಹಾಗಾಗಿ ತೀರ್ಥಹಳ್ಳಿ ಕಡೆ ತಿರುವು ಶುರುವಾದಾಗ ಮೊದಲ ಒಂದಿಷ್ಟು ದೂರ ನಿಧಾನ ಹೋಗಿ, ಸರ್.