5 ಸೀಟಿನ ಕಾರಲ್ಲಿ 8 ಜನ ಹೋದರೆ ದಂಡ ಎಷ್ಟು? ಅಪಾಯ ಏನು?

ಎಷ್ಟು ಜನ ಕೂರಬಹುದು ಅಂತ ನಿಮ್ಮ ಆರ್‌ಸಿಯಲ್ಲೇ ಇರುತ್ತೆ. ಡ್ರೈವರ್ ಕೂಡ ಆ ಲೆಕ್ಕದಲ್ಲೇ ಬರುತ್ತಾರೆ.

ಟ್ಯಾಕ್ಸಿಯಾದರೆ ಮೋಟಾರು ವಾಹನ ಕಾಯ್ದೆಯ 194ಎ ಪ್ರಕಾರ ಹೆಚ್ಚಿಗೆ ಇರುವ ಒಬ್ಬೊಬ್ಬರಿಗೂ 200 ರೂಪಾಯಿ ದಂಡ. ಅವರನ್ನು ಇಳಿಸಿ, ಬೇರೆ ಗಾಡಿ ಮಾಡಿಕೊಡುವ ತನಕ ಟ್ಯಾಕ್ಸಿ ಮುಂದೆ ಹೋಗುವಂತಿಲ್ಲ. ಸ್ವಂತ ಕಾರಾದರೂ ಬೆಲ್ಟ್ ಹಾಕದಿದ್ದರೆ 194ಬಿ ಅಡಿ 1,000 ರೂಪಾಯಿ.

ದಂಡ ಬಿಡಿ, ನನಗೆ ಹೆದರಿಕೆ ಮಕ್ಕಳದ್ದು. ಮದುವೆಗೆ ಹೊರಟಾಗ ಮುಂದಿನ ಸೀಟಲ್ಲಿ ಮಗುವನ್ನು ತೊಡೆ ಮೇಲೆ ಕೂರಿಸಿಕೊಳ್ಳುತ್ತೇವೆ ಅಲ್ವಾ? ಡಿಕ್ಕಿಯಾದರೆ ಏರ್‌ಬ್ಯಾಗ್ ರಪ್ಪಂತ ಬಿಚ್ಚಿ ಮಗುವಿಗೇ ಬಡಿಯುತ್ತೆ. ಎಷ್ಟೇ ಗಟ್ಟಿಯಾಗಿ ಹಿಡಿದಿದ್ದರೂ ಕೈ ನಿಲ್ಲಲ್ಲ. ಹಿಂದೆ ಬೆಲ್ಟ್ ಇಲ್ಲದವರು ಮುಂದಿನವರ ಮೇಲೆ ಬಂದು ಬೀಳುತ್ತಾರೆ. ಭಾರ ಜಾಸ್ತಿಯಾದಷ್ಟೂ ಕಾರು ನಿಲ್ಲೋದು ತಡ, ಟೈರ್ ಬೇಗ ಬಿಸಿಯಾಗುತ್ತೆ. ದಯವಿಟ್ಟು ಎರಡು ಗಾಡಿ ಮಾಡಿಕೊಳ್ಳಿ.