ಅರವತ್ತು ವರ್ಷದ ಕಾಯುವಿಕೆಗೆ ಎರಡು ವರ್ಷದ ಗಡುವು

ಮೆಲ್ಬರ್ನ್‌ನ ಆಗ್ನೇಯ ಬಡಾವಣೆಯೊಂದರಲ್ಲಿ ನೆಲೆಸಿರುವ, ಮೂಲತಃ ತುಮಕೂರಿನವರಾದ ಓದುಗರೊಬ್ಬರು 2026ರ ಆಸ್ಟ್ರೇಲಿಯನ್ ಫುಟ್‌ಬಾಲ್ ಋತು ಹತ್ತಿರವಾಗುತ್ತಿರುವ ಹೊತ್ತಿನಲ್ಲಿ ನಮಗೆ ಪತ್ರ ಬರೆದಿದ್ದಾರೆ. ಪತ್ರದ ಸಾರ ಇಷ್ಟು: “ಹದಿನೆಂಟನೇ ಪ್ರಯತ್ನದಲ್ಲಿ ನಮ್ಮ ಆರ್‌ಸಿಬಿಗೆ ಕಪ್ ಬಂತು. ಇಲ್ಲಿ ನಾನು ಹಚ್ಚಿಕೊಂಡಿರುವ ಸೇಂಟ್ ಕಿಲ್ಡಾ ತಂಡ ಕೊನೆಯ ಸಲ ಗೆದ್ದದ್ದು 1966ರಲ್ಲಿ. ಈ ಬಾರಿ ಹೆಸರಾಂತ ಆಟಗಾರರು ಸಾಲಾಗಿ ಬಂದಿದ್ದಾರೆ. ‘ಈ ಸಲ ಕಪ್ ನಮ್ದೇ’ ಎಂದು ಇಲ್ಲಿಯೂ ಹೇಳಬಹುದೇ, ಅಥವಾ ಸುಮ್ಮನೆ ಆಸೆಪಟ್ಟು ಮತ್ತೆ ನೊಂದುಕೊಳ್ಳುವುದೇ ನಮ್ಮ ಹಣೆಬರಹವೇ?”

ಮಾನ್ಯರೇ,

ನೇರ ಉತ್ತರವನ್ನು ಮೊದಲೇ ಕೊಟ್ಟುಬಿಡುತ್ತೇನೆ. ಈ ವರ್ಷವೇ ಕಪ್ ಬರುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ಆದರೆ ನಿಮ್ಮ ಆಸೆಯನ್ನು ಬರೀ ಅಭಿಮಾನದ ಹುಚ್ಚು ಎಂದು ತಳ್ಳಿಹಾಕಲು ಈ ಬಾರಿ ಸಾಧ್ಯವಿಲ್ಲ. 2010ರ ನಂತರ ಈ ಕ್ಲಬ್ಬು ತನ್ನ ಅಭಿಮಾನಿಗಳಿಗೆ ಇಷ್ಟು ಗಟ್ಟಿಯಾದ ಆಧಾರ ಕೊಟ್ಟಿರುವುದು ಇದೇ ಮೊದಲು. ಹಳೆಯ ಆಸೆಗಳಿಗೂ ಇದಕ್ಕೂ ಇರುವ ವ್ಯತ್ಯಾಸವೆಂದರೆ, ಇದಕ್ಕೆ ಗಡುವಿದೆ. ಅದು 2027ರ ಕೊನೆ. ಹಾಗೇಕೆ ಹೇಳುತ್ತೇನೆಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕಾಗುತ್ತದೆ.

ಈ ಆಟವನ್ನು ನೋಡಿರದ ನಮ್ಮ ಉಳಿದ ಓದುಗರಿಗಾಗಿ ಒಂದೆರಡು ಮಾತು. ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್‌ನಲ್ಲಿ 18 ತಂಡಗಳಿವೆ, ಮೈದಾನದಲ್ಲಿ ಪ್ರತಿ ತಂಡಕ್ಕೆ 18 ಆಟಗಾರರು. ಅಂಗಳ ಕ್ರಿಕೆಟ್ ಮೈದಾನದಂತೆಯೇ ಅಂಡಾಕಾರದ್ದು. ಬೇಸಿಗೆಯಲ್ಲಿ ಕ್ರಿಕೆಟ್ ನಡೆಯುವ ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿಯೇ (ಎಂಸಿಜಿ) ಚಳಿಗಾಲದಲ್ಲಿ ಈ ಆಟ ನಡೆಯುತ್ತದೆ. ಎರಡೂ ತುದಿಗಳಲ್ಲಿ ನಾಲ್ಕು ನಾಲ್ಕು ಕಂಬಗಳಿರುತ್ತವೆ. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಒದ್ದರೆ ಗೋಲ್, ಅದಕ್ಕೆ 6 ಅಂಕ. ಪಕ್ಕದ ಸಂದಿಯಲ್ಲಿ ಹೋದರೆ ಬಿಹೈಂಡ್, ಅದಕ್ಕೆ ಒಂದೇ ಅಂಕ. ಗುರಿ ತಪ್ಪಿದ್ದಕ್ಕೆ ಕೊಡುವ ಸಮಾಧಾನದ ಬಹುಮಾನದಂತಿರುವ ಈ ಒಂದು ಅಂಕವೇ ಸೇಂಟ್ ಕಿಲ್ಡಾದ ಚರಿತ್ರೆಯನ್ನು ಬರೆದಿದೆ ಎಂದರೆ ಉತ್ಪ್ರೇಕ್ಷೆಯಾಗಲಾರದು.

1873ರಲ್ಲಿ ಹುಟ್ಟಿದ ಈ ಕ್ಲಬ್ಬು 1897ರಲ್ಲಿ ಲೀಗ್ ಆರಂಭವಾದಾಗ ಅದರ ಎಂಟು ಸ್ಥಾಪಕ ತಂಡಗಳಲ್ಲಿ ಒಂದಾಗಿತ್ತು ಮತ್ತು ತನ್ನ ಮೊದಲ 48 ಪಂದ್ಯಗಳನ್ನು ಒಂದೂ ಬಿಡದಂತೆ ಸೋತಿತು. 1900ರಲ್ಲಿ ಕೊನೆಗೂ ದಕ್ಕಿದ ಮೊದಲ ಗೆಲುವು ಕೂಡ ಮೈದಾನದಲ್ಲಿ ದಕ್ಕಿದ್ದಲ್ಲ. ಸಮಬಲದಲ್ಲಿ ಮುಗಿದಿದ್ದ ಪಂದ್ಯದ ಬಗ್ಗೆ ತಕರಾರು ಸಲ್ಲಿಸಿ, ಎದುರಾಳಿ ಮೆಲ್ಬರ್ನ್ ತಂಡದ ಲೆಕ್ಕದಿಂದ ಒಂದು ಬಿಹೈಂಡನ್ನು ಹೊಡೆದುಹಾಕಿಸಿಕೊಂಡು ಪಡೆದದ್ದು. ಅಲ್ಲಿಂದ ಅರವತ್ತಾರು ವರ್ಷ ಕಳೆದು, ಕಪ್ ಯಾರಿಗೆಂದು ತೀರ್ಮಾನಿಸುವ ಅಂತಿಮ ಪಂದ್ಯವಾದ 1966ರ ಗ್ರ್ಯಾಂಡ್ ಫೈನಲ್‌ನ ಕೊನೆಯ ಗಳಿಗೆಯಲ್ಲಿ ಬ್ಯಾರಿ ಬ್ರೀನ್ ಒದ್ದ ಚೆಂಡು ತೂರಾಡುತ್ತ ಹೋಗಿ ಬಿಹೈಂಡ್ ಆಯಿತು. ಕಾಲಿಂಗ್‌ವುಡ್ ವಿರುದ್ಧ 74–73ರಿಂದ ಸೇಂಟ್ ಕಿಲ್ಡಾ ಗೆದ್ದಿತು. ಕ್ಲಬ್ಬಿನ ಕಪಾಟಿನಲ್ಲಿ ಇರುವುದು ಆ ಒಂದೇ ಕಪ್. ಅಂಕಪಟ್ಟಿಯ ತಳ ಹಿಡಿದದ್ದು ಮಾತ್ರ 27 ಸಲ. ಆ ದಾಖಲೆಯನ್ನು ಲೀಗ್‌ನಲ್ಲಿ ಇನ್ಯಾರೂ ಮುಟ್ಟಿಲ್ಲ.

ನಿಮ್ಮ ಪತ್ರದಲ್ಲಿ 2010ರ ಪ್ರಸ್ತಾಪವಿಲ್ಲ. ನೀವು ಆಗಿನ್ನೂ ಅಲ್ಲಿಗೆ ಹೋಗಿರಲಿಲ್ಲವೇನೋ. ಆದರೆ ನಿಮ್ಮ ಅಕ್ಕಪಕ್ಕದ ಆಸನಗಳಲ್ಲಿ ಕೂರುವ ಹಿರಿಯ ಅಭಿಮಾನಿಗಳು ಒಳ್ಳೆಯ ಸುದ್ದಿ ಕೇಳಿದರೂ ಮುಖ ಗಂಟಿಕ್ಕುವುದೇಕೆ ಎಂದು ತಿಳಿಯಬೇಕಾದರೆ ಆ ಪಂದ್ಯವನ್ನು ತಿಳಿಯಬೇಕು. ಅದರ ಹಿಂದಿನ ವರ್ಷ, 2009ರಲ್ಲಿ, ತಂಡ ಮೊದಲ 19 ಪಂದ್ಯಗಳನ್ನು ಸತತವಾಗಿ ಗೆದ್ದು, ಗ್ರ್ಯಾಂಡ್ ಫೈನಲ್‌ನಲ್ಲಿ ಜೀಲಾಂಗ್‌ಗೆ 12 ಅಂಕಗಳಿಂದ ಸೋತಿತ್ತು. ಮರುವರ್ಷ ಮತ್ತೆ ಗ್ರ್ಯಾಂಡ್ ಫೈನಲ್, ಎದುರಿಗೆ ಮತ್ತೆ ಕಾಲಿಂಗ್‌ವುಡ್. ಕೊನೆಯ ನಿಮಿಷಗಳಲ್ಲಿ ಲೆನ್ನಿ ಹೇಯ್ಸ್ ದೂರದಿಂದ ಒದ್ದ ಚೆಂಡು ಗೋಲ್ ಮುಂದೆ ನೆಲಕ್ಕೆ ಬಿತ್ತು. ಅದನ್ನು ಹಿಡಿಯಲು ಸ್ಟೀಫನ್ ಮಿಲ್ನ್ ಓಡಿಬರುತ್ತಿದ್ದ. ನೇರವಾಗಿ ಪುಟಿದಿದ್ದರೆ ಅವನ ಕೈಗೇ ಸಿಗಬೇಕಿತ್ತು. ಮೊಟ್ಟೆಯಾಕಾರದ ಚೆಂಡು ಹೇಗೆ ಪುಟಿಯುತ್ತದೆಂದು ಯಾರು ಬಲ್ಲರು? ಅದು ಅವನನ್ನು ತಪ್ಪಿಸಿಕೊಂಡು ಪಕ್ಕಕ್ಕೆ ಹೊರಳಿ ಬಿಹೈಂಡ್ ಆಯಿತು. 68–68. ಆಗ ಹೆಚ್ಚುವರಿ ಸಮಯದ ನಿಯಮವಿರಲಿಲ್ಲವಾದ್ದರಿಂದ ಒಂದು ವಾರ ಬಿಟ್ಟು ಪಂದ್ಯವನ್ನು ಮತ್ತೆ ಆಡಿಸಿದರು, ಸೇಂಟ್ ಕಿಲ್ಡಾ 56 ಅಂಕಗಳಿಂದ ಸೋತಿತು. 1966ರಲ್ಲಿ ಕಪ್ ತಂದುಕೊಟ್ಟದ್ದೂ ಒಂದು ಅಂಕ, 2010ರಲ್ಲಿ ಕಪ್ಪಿನ ಹೊಸ್ತಿಲಲ್ಲಿ ನಿಲ್ಲಿಸಿದ್ದೂ ಒಂದು ಅಂಕ. ಅಂದು ತರಬೇತುದಾರನಾಗಿದ್ದ ರಾಸ್ ಲಯನ್ 2011ರ ಕೊನೆಗೆ ಫ್ರೀಮ್ಯಾಂಟಲ್‌ಗೆ ಹೋದ. 2023ರಿಂದ ಮತ್ತೆ ಇದೇ ತಂಡದ ತರಬೇತುದಾರ. ಹಳೆಯ ಲೆಕ್ಕ ತೀರಿಸುವ ಆಸೆ ಅವನಿಗೂ ಇದ್ದೇ ಇರಬೇಕು.

ಈಗ ಇಂದಿನ ಮಾತಿಗೆ ಬರೋಣ. ಕಳೆದ ವರ್ಷ ತಂಡ 23 ಪಂದ್ಯಗಳಲ್ಲಿ 9ನ್ನು ಗೆದ್ದು 12ನೇ ಸ್ಥಾನದಲ್ಲಿ ಮುಗಿಸಿತು. ಈ ಅಂಕಿಗಳನ್ನು ಮಾತ್ರ ನೋಡಿದರೆ ಆಸೆಗೆ ಎಡೆಯೇ ಇಲ್ಲ. ಆದರೆ ಜುಲೈ 27ರಂದು ಮೆಲ್ಬರ್ನ್ ತಂಡದ ವಿರುದ್ಧ ನಡೆದ ಪಂದ್ಯವನ್ನು ನೀವು ಖಂಡಿತ ನೋಡಿರುತ್ತೀರಿ. ನಾಲ್ಕು ಕ್ವಾರ್ಟರ್‌ಗಳಲ್ಲಿ ಮೂರನೆಯದು ಮುಗಿದಾಗ 46 ಅಂಕಗಳ ಹಿನ್ನಡೆ; ಲೀಗ್‌ನ ಚರಿತ್ರೆಯಲ್ಲಿ ಅಲ್ಲಿಂದ ಎದ್ದುಬಂದು ಯಾರೂ ಗೆದ್ದಿರಲಿಲ್ಲ. ಕೊನೆಯ ಕೆಲವು ಸೆಕೆಂಡುಗಳಿರುವಾಗ ನಸಾಯಾ ವಾಂಗನೀನ್-ಮಿಲೇರಾ ಗೋಲ್ ಹೊಡೆದು ಅಂಕ ಸರಿಗಟ್ಟಿದ. ಮತ್ತೆ ಚೆಂಡು ನಡುವಿಗೆ ಬಂದಾಗ ಮೆಲ್ಬರ್ನ್ ಆಟಗಾರರು ನಿಯಮದಂತೆ ತಮ್ಮ ತಮ್ಮ ಜಾಗಗಳಲ್ಲಿ ಇರದಿದ್ದುದರಿಂದ ಸೇಂಟ್ ಕಿಲ್ಡಾಗೆ ಫ್ರೀ ಕಿಕ್ ಸಿಕ್ಕಿತು. ರೋವನ್ ಮಾರ್ಷಲ್ ಉದ್ದಕ್ಕೆ ಒದ್ದ ಚೆಂಡನ್ನು ಅದೇ ನಸಾಯಾ ಹಿಡಿದ. ಸೈರನ್ ಮೊಳಗಿದ ಮೇಲೆ ಅವನು ಒದ್ದ ಒದೆ ಗೋಲ್ ಆಯಿತು. ಮುಂದಿನ ಕೆಲವೇ ದಿನಗಳಲ್ಲಿ ಮೆಲ್ಬರ್ನ್ ತನ್ನ ತರಬೇತುದಾರನನ್ನೇ ಮನೆಗೆ ಕಳಿಸಿತು.

ಆಗ ಇಪ್ಪತ್ತೆರಡರ ಹರೆಯದವನಾಗಿದ್ದ ಆ ಹುಡುಗನೇ ಈಗ ನಿಮ್ಮ ತಂಡದ ಆಸೆಯ ಆಧಾರ, ಗಡುವೂ ಅವನಿಂದಲೇ ಬಂದದ್ದು. ಅಡಿಲೇಡ್ ಕಡೆಯ ಅವನನ್ನು ಸೆಳೆದುಕೊಳ್ಳಲು ಅಲ್ಲಿನ ಎರಡೂ ಕ್ಲಬ್ಬುಗಳು ಕಾದಿದ್ದವು. ಅವನು ಉಳಿಯಲು ಒಪ್ಪಿದ, ಆದರೆ ಎರಡು ವರ್ಷಕ್ಕೆ ಮಾತ್ರ, ಅಂದರೆ 2027ರ ಕೊನೆಯವರೆಗೆ. ನನಗೆ ಅರ್ಥವಾಗುವಂತೆ ಅದರ ತಾತ್ಪರ್ಯ ಸರಳ: ಎರಡು ವರ್ಷದಲ್ಲಿ ಗೆಲ್ಲುವ ತಂಡ ಕಟ್ಟಿ ತೋರಿಸಿ, ಆಮೇಲೆ ಮಾತಾಡೋಣ. ಅವನ ಹೆಸರಿನ ಜರ್ಸಿ ಬೇಕೆಂದು ಹತ್ತು ವರ್ಷದ ಮಗಳು ಹಠ ಹಿಡಿದಿದ್ದಾಳೆ, ಅವನೇ ಬಿಟ್ಟುಹೋದರೆ ದುಡ್ಡು ದಂಡವಾಗುವುದಿಲ್ಲವೇ ಎಂದು ಕೇಳಿದ್ದೀರಿ. ಧಾರಾಳವಾಗಿ ಕೊಡಿಸಿ, ಅವನ ಒಪ್ಪಂದ ಮುಗಿಯುವ ಹೊತ್ತಿಗೆ ಆ ಜರ್ಸಿ ನಿಮ್ಮ ಮಗಳಿಗೆ ಹೇಗೂ ಚಿಕ್ಕದಾಗಿರುತ್ತದೆ.

ಕ್ಲಬ್ಬು ಆ ಸವಾಲನ್ನು ಅರ್ಥ ಮಾಡಿಕೊಂಡಂತೆ ಕಾಣುತ್ತದೆ. ಆಟಗಾರರ ಒಟ್ಟು ಸಂಬಳಕ್ಕೆ ಲೀಗ್ ಮಿತಿ ಹಾಕಿದೆಯಷ್ಟೆ. ದುಬಾರಿ ಆಟಗಾರರಿಲ್ಲದೆ ಆ ಮಿತಿಯೊಳಗೆ ಉಳಿದಿದ್ದ ಜಾಗವನ್ನು ಕಳೆದ ಅಕ್ಟೋಬರಿನಲ್ಲಿ ಒಮ್ಮೆಲೇ ಬಳಸಿಕೊಂಡು ಕಾರ್ಲ್‌ಟನ್‌ನಿಂದ ಟಾಮ್ ಡಿ ಕೋನಿಂಗ್ ಮತ್ತು ಜ್ಯಾಕ್ ಸಿಲ್ವಾನಿ, ವೆಸ್ಟ್ ಕೋಸ್ಟ್‌ನಿಂದ ಲಿಯಾಮ್ ರಯನ್, ಗೋಲ್ಡ್ ಕೋಸ್ಟ್‌ನಿಂದ ಸ್ಯಾಮ್ ಫ್ಲ್ಯಾಂಡರ್ಸ್ ಅವರನ್ನು ಕರೆತಂದಿತು. ಸಿಲ್ವಾನಿಯ ಅಜ್ಜ, ಅಪ್ಪ ಇಬ್ಬರೂ ಕಾರ್ಲ್‌ಟನ್‌ನ ದಂತಕಥೆಗಳು. ಮೂರನೇ ತಲೆಮಾರು ಆ ಮನೆ ಬಿಟ್ಟು ಸೇಂಟ್ ಕಿಲ್ಡಾಗೆ ಬಂದಿರುವುದು ಮೆಲ್ಬರ್ನ್‌ನಲ್ಲಿ ಸಣ್ಣ ಸುದ್ದಿಯಲ್ಲ. ರಯನ್ 2018ರಲ್ಲಿ ಕಪ್ ಗೆದ್ದ ವೆಸ್ಟ್ ಕೋಸ್ಟ್ ತಂಡದಲ್ಲಿದ್ದವನು. ಹೋದವರ ಪಟ್ಟಿಯೂ ಇದೆ: ನಾಯಕನಾಗಿದ್ದ ಜ್ಯಾಕ್ ಸ್ಟೀಲ್ ಮೆಲ್ಬರ್ನ್ ಸೇರಿದ್ದಾನೆ.

ಇವರಲ್ಲಿ ನಾನು ಕುತೂಹಲದಿಂದ ಕಾಯುತ್ತಿರುವುದು ಡಿ ಕೋನಿಂಗ್‌ನ ಆಟಕ್ಕೆ. ಅವನು ರಕ್, ಎಂದರೆ ಆಟ ಶುರುವಾಗುವಾಗ ಹಾರಿ ಚೆಂಡನ್ನು ತನ್ನವರತ್ತ ತಟ್ಟಿಕೊಡುವ ಎತ್ತರದ ಆಟಗಾರ. ಇದುವರೆಗೆ ಅಂಪೈರ್ ಮೈದಾನದ ನಡುವೆ ಚೆಂಡನ್ನು ನೆಲಕ್ಕೆ ಅಪ್ಪಳಿಸಿ ಪುಟಿಸುತ್ತಿದ್ದರು. ಈ ವರ್ಷದಿಂದ ಮೇಲಕ್ಕೆ ಎಸೆಯುತ್ತಾರೆ. ಜೊತೆಗೆ ನಡುಗೆರೆಯನ್ನು ದಾಟಿ ಎದುರಾಳಿಯ ಮೈಮೇಲೆ ಬಿದ್ದು ಸೆಣಸುವುದಕ್ಕೂ ತಡೆ ಬಂದಿದೆ. ಮೈಭಾರದಿಂದ ನೂಕುವ ರಕ್‌ಗಳಿಗೆ ಇದು ಕಷ್ಟ, ಓಡಿಬಂದು ಎತ್ತರಕ್ಕೆ ಜಿಗಿಯಬಲ್ಲ ಡಿ ಕೋನಿಂಗ್‌ನಂಥವರಿಗೆ ಅನುಕೂಲ. ತೊಡಕಿರುವುದು ಬೇರೆ ಕಡೆ. ಮೆಲ್ಬರ್ನ್ ಪಂದ್ಯದಲ್ಲಿ ಆ ಕೊನೆಯ ಚೆಂಡನ್ನು ಒದ್ದ ಮಾರ್ಷಲ್ ಕೂಡ ರಕ್. ಋತು ಮುಗಿದ ಮೇಲೆ ಅವನು ಜೀಲಾಂಗ್‌ಗೆ ಹೋಗುತ್ತೇನೆಂದ, ಕ್ಲಬ್ಬು ಬಿಟ್ಟುಕೊಡಲಿಲ್ಲ. ಮನಸ್ಸು ಬೇರೆಡೆ ಇಟ್ಟಿದ್ದವನನ್ನೂ ಹೆಚ್ಚು ಸಂಬಳ ಕೊಟ್ಟು ತಂದವನನ್ನೂ ಒಂದೇ ತಂಡದಲ್ಲಿ ಹೊಂದಿಸುವುದು ಲಯನ್‌ಗೆ ಈ ವರ್ಷದ ಅತಿ ನಾಜೂಕಿನ ಕೆಲಸ. ಮಂಡಿ ನೋವಿನಿಂದ ಕಳೆದ ವರ್ಷವಿಡೀ ಹೊರಗುಳಿದ ಎತ್ತರದ ಮುಂಪಡೆ ಆಟಗಾರ ಮ್ಯಾಕ್ಸ್ ಕಿಂಗ್‌ನ ದೇಹ ಎಷ್ಟು ಪಂದ್ಯಗಳಿಗೆ ಒಗ್ಗುತ್ತದೆಂಬುದರ ಮೇಲೂ ಈ ಲೆಕ್ಕ ನಿಂತಿದೆ. ಅವನಿಲ್ಲದಿದ್ದರೆ ಇಬ್ಬರು ರಕ್‌ಗಳಲ್ಲಿ ಒಬ್ಬ ಗೋಲ್ ಮುಂದೆ ನಿಲ್ಲಬೇಕಾದೀತು.

ಬ್ರಿಸ್ಬೇನ್, ಸಿಡ್ನಿಯಂಥ ಉತ್ತರದ ಕ್ಲಬ್ಬುಗಳಿಗೆ ಲೀಗ್ ಪಕ್ಷಪಾತ ಮಾಡುತ್ತಿದೆ ಎಂಬ ನಿಮ್ಮ ದೂರನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಕಡೆಯ ಸ್ಥಾನದವರಿಗೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ ಎಂಬ ನಿಯಮವಿದ್ದರೂ, ಕ್ಲಬ್ಬಿನ ಹಳೆಯ ಆಟಗಾರರ ಮಕ್ಕಳಿಗೆ ಮತ್ತು ಕ್ಲಬ್ಬಿನದೇ ಅಕಾಡೆಮಿಯ ಹುಡುಗರಿಗೆ ಇರುವ ಮೀಸಲು ದಾರಿ ಆ ನ್ಯಾಯವನ್ನು ಸಡಿಲಗೊಳಿಸುತ್ತದೆ ಎಂಬುದು ನಿಜ. 2024 ಮತ್ತು 2025ರ ಕಪ್ಪುಗಳನ್ನು ಗೆದ್ದ ಬ್ರಿಸ್ಬೇನ್‌ನ ವಿಲ್ ಆ್ಯಶ್‌ಕ್ರಾಫ್ಟ್ ಎರಡೂ ಗ್ರ್ಯಾಂಡ್ ಫೈನಲ್‌ಗಳ ಶ್ರೇಷ್ಠ ಆಟಗಾರ; ಅವನು ಬಂದದ್ದು ಅಪ್ಪನ ಹೆಸರಿನ ದಾರಿಯಿಂದ. ಆದರೆ ಅಪ್ಪ-ಮಗನ ನಿಯಮ ಎಲ್ಲ ಕ್ಲಬ್ಬುಗಳಿಗೂ ಇದೆ. ನಿಮ್ಮಂತೆಯೇ ಬರಗಾಲ ಕಂಡ ವೆಸ್ಟರ್ನ್ ಬುಲ್‌ಡಾಗ್ಸ್ 62 ವರ್ಷಗಳ ನಂತರ 2016ರಲ್ಲಿ, ಮೆಲ್ಬರ್ನ್ 57 ವರ್ಷಗಳ ನಂತರ 2021ರಲ್ಲಿ ಇದೇ ನಿಯಮಗಳಡಿ ಗೆದ್ದಿವೆ. ಕಪ್ ಕಂಡ ಕ್ಲಬ್ಬುಗಳಲ್ಲಿ ಈಗ ಅತಿ ದೀರ್ಘ ಕಾಯುವಿಕೆ ಸೇಂಟ್ ಕಿಲ್ಡಾದ್ದೇ. ಅದರ ಹೊಣೆಯನ್ನೆಲ್ಲ ನಿಯಮಗಳ ಮೇಲೆ ಹೊರಿಸಲಾಗದು.

ಹಾಗಾದರೆ ಈ ವರ್ಷ ಏನನ್ನು ನಿರೀಕ್ಷಿಸಬೇಕು? ಇದುವರೆಗೆ ಮೊದಲ ಎಂಟು ತಂಡಗಳಿಗೆ ಮಾತ್ರ ಫೈನಲ್ಸ್, ಎಂದರೆ ಐಪಿಎಲ್‌ನ ಪ್ಲೇಆಫ್‌ನಂಥ ಸುತ್ತಿನ ಪ್ರವೇಶವಿತ್ತು. ಈ ವರ್ಷದಿಂದ ಏಳರಿಂದ ಹತ್ತನೇ ಸ್ಥಾನದ ತಂಡಗಳು ವೈಲ್ಡ್‌ಕಾರ್ಡ್ ಸುತ್ತು ಆಡಿ ಕೊನೆಯ ಎರಡು ಜಾಗಗಳಿಗೆ ಸೆಣಸುತ್ತವೆ. 18ರಲ್ಲಿ 10 ತಂಡಗಳಿಗೆ ಬಾಗಿಲು ತೆರೆಯುವುದು ನನಗೇನೂ ರುಚಿಸಿಲ್ಲ. ಇದರಲ್ಲಿ ಟಿಕೆಟ್ ಮಾರುವ ಲೆಕ್ಕವೇ ಹೆಚ್ಚು. ಹತ್ತನೆಯವರಾಗಿ ಮುಗಿಸಿ ‘ಫೈನಲ್ಸ್ ಆಡಿದೆವು’ ಎಂದು ಕ್ಲಬ್ಬು ಬೀಗಿದರೆ ನೀವು ಒಪ್ಪಬೇಡಿ. ಇಷ್ಟು ಖರ್ಚು ಮಾಡಿದ ತಂಡ ಮೊದಲ ಆರರೊಳಗೆ ಬರಬೇಕು, ಸೆಪ್ಟೆಂಬರಿನಲ್ಲಿ ಒಂದಾದರೂ ಪಂದ್ಯ ಗೆಲ್ಲಬೇಕು. ಅದಕ್ಕಿಂತ ಕಡಿಮೆಯಾದರೆ ಈ ಋತು ಸೋತಂತೆಯೇ ಎಂದು ನಾನು ಎಣಿಸುತ್ತೇನೆ. ನನ್ನ ಅಂದಾಜು ಕೇಳಿದರೆ, ಏಳು ಅಥವಾ ಎಂಟನೇ ಸ್ಥಾನ. ಏಳನೆಯವರಾಗಿಯೇ ಹೊರಟು 2016ರಲ್ಲಿ ಬುಲ್‌ಡಾಗ್ಸ್ ಕಪ್ ಗೆದ್ದಿತ್ತೆಂದು ನೀವು ಕೂಡಲೇ ನೆನಪಿಸುತ್ತೀರಿ. ಆಗ ವೈಲ್ಡ್‌ಕಾರ್ಡ್ ಎಂಬ ಹೆಚ್ಚಿನ ಮೆಟ್ಟಿಲಿರಲಿಲ್ಲ.

ಮೊದಲ ಪಂದ್ಯ ಮಾರ್ಚ್ 8ರ ಭಾನುವಾರ ಎಂಸಿಜಿಯಲ್ಲಿ, ಎದುರಾಳಿ ಅದೇ ಕಾಲಿಂಗ್‌ವುಡ್. ಮಗಳನ್ನು ಕರೆದುಕೊಂಡು ಹೋಗಿ. ಗೆಲುವು ಸೋಲಿಗಿಂತ ಹೆಚ್ಚಾಗಿ, ನಡುಗೆರೆಯ ಬಳಿ ಡಿ ಕೋನಿಂಗ್ ತಟ್ಟಿದ ಚೆಂಡು ಎಷ್ಟು ಸಲ ನೇರವಾಗಿ ನಸಾಯಾನ ಕೈ ಸೇರುತ್ತದೆಂದು ಗಮನಿಸಿ, ನಮಗೆ ಬರೆಯಿರಿ.

— ಸಂ.